ನನ್ನ ಮದುವೆಗೆ ಐದು ಫಾರ್ಮ್ಯಾಟು

ನಮ್ಮ ಚಿಕ್ಕಪ್ಪನನ್ನು ನೀವು ಏನು ಬೇಕಾದರೂ ಕೇಳಿ, ವಿಡಿಯೋವನ್ನು ಯಾವ ಫಾರ್ಮ್ಯಾಟಿನಲ್ಲಿ ಇಟ್ಟುಕೊಳ್ಳಲಿ ಎಂದು ಮಾತ್ರ ಕೇಳಬೇಡಿ. ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡು ಗೇಟಿನ ಹತ್ತಿರ ನಿಂತು ಹಾಗೆ ಕೇಳಿದ ಎದುರುಮನೆಯವರು ಮನೆ ಸೇರುವಷ್ಟರಲ್ಲಿ ಹಾಲು ಒಡೆದಿತ್ತು!

ಹನುಮಂತನಗರದ ಈ ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ ಹುಚ್ಚು ಹಿಡಿಸಿದ್ದು ನನ್ನ ಮದುವೆಯೇ. ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಛತ್ರದಲ್ಲಿ ನಡೆದದ್ದು. ಉಳಿದದ್ದು ಒಂದೇ ಒಂದು ಕ್ಯಾಸೆಟ್ಟು. ಕೆಲವು ವರ್ಷಗಳಲ್ಲಿ ಅದಕ್ಕೆ ಬೂಷ್ಟು ಹಿಡಿಯಿತು. ಹೋದರೆ ಹೋಗಲಿ ಎಂದೆವು ನಾನೂ ನನ್ನ ಗಂಡನೂ. ಆ ಮೂರು ಗಂಟೆ ಹೋಮದ ಹೊಗೆಯನ್ನು ಒಂದು ಸಲ ಕುಡಿದದ್ದೇ ಸಾಲದೆ? ಚಿಕ್ಕಪ್ಪ ಮಾತ್ರ ಅದನ್ನು ಹೇಗಾದರೂ ಉಳಿಸಿಯೇ ತೀರುತ್ತೇನೆ ಎಂದು ಎತ್ತಿಕೊಂಡು ಹೋದರು. ಚಿಕ್ಕಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು; ಅವರಿಗೂ ಹೊತ್ತು ಹೋಗಲಿ ಎಂದು ಸುಮ್ಮನಾದೆವು.

ಮೊದಲು ವಿಸಿಡಿ ಮಾಡಿಸಿದರು. ಯಾರ ಮನೆಯ ಪ್ಲೇಯರಿನಲ್ಲೂ ಓಡುತ್ತದೆ ಎಂದು ಹೊಗಳಿದ್ದೇ ಹೊಗಳಿದ್ದು. ಅಷ್ಟರಲ್ಲಿ ಆಯುಧಪೂಜೆ ಬಂತು. ಟಿವಿಗೆ, ಸ್ಕೂಟರಿಗೆ ಕುಂಕುಮ ಇಟ್ಟವರು ಡಿಸ್ಕುಗಳನ್ನು ಬಿಟ್ಟಾರೆಯೇ? ಹೊಳೆಯುವ ಕಡೆಯೇ ಮುಖವೆಂದು ತಿಳಿದು ಅರಿಶಿನ ಕುಂಕುಮ ಹಚ್ಚಿದರು. ಮರುದಿನ ಓಡಲಿಲ್ಲವೆಂದು ಪಾತ್ರೆ ತೊಳೆಯುವ ಪುಡಿ ಹಾಕಿ ತೆಂಗಿನ ನಾರಿನಲ್ಲಿ ಗಸಗಸ ತಿಕ್ಕಿದರು! ಆಮೇಲೆ ಯಾವಾಗ ಹಾಕಿದರೂ ಮದುವೆ ತಾಳಿ ಕಟ್ಟುವ ಮುಂಚೆಯೇ ನಿಂತುಬಿಡುತ್ತಿತ್ತು. ವಿಸಿಡಿಯ ಪ್ರಕಾರ ನಾನು ಇವತ್ತಿಗೂ ಅವಿವಾಹಿತೆ.

ಇದಾದ ಮೇಲೆ ಮನೆಗೆ ಕಂಪ್ಯೂಟರೇ ಬಂತು. ಬೂಷ್ಟನ್ನು ಹತ್ತಿಯಲ್ಲಿ ಒರೆಸಿ, ಕ್ಯಾಸೆಟ್ಟನ್ನು ಕೊನೆಯ ಸಲ ಓಡಿಸಿ, ಎವಿಐ ಮಾಡಿಕೊಂಡರು. ಅಷ್ಟಾಗಿದ್ದೇ ತಡ, ಟೇಪು ತುಂಡಾಯಿತು. ಅಲ್ಲಿಂದ ಶುರುವಾಯಿತು ನೋಡಿ, ಆ ಎವಿಐಯನ್ನೇ ಬೇರೆ ಬೇರೆ ಫಾರ್ಮ್ಯಾಟಿಗೆ ಇಳಿಸಿ ನೋಡುವ ಪರೀಕ್ಷೆ! ಎವಿಐ ಚಿತ್ರ ಚೆನ್ನ, ಆದರೆ ಒರಳುಕಲ್ಲಿನ ಹಾಗೆ ಜಾಗ ಹಿಡಿದು ಕೂತರೆ ಅಲ್ಲಾಡುವುದಿಲ್ಲ. ಎಂಓವಿ ಮಡಿ ಅಜ್ಜಿ, ತನ್ನದೇ ಪ್ಲೇಯರು ಬೇಕು, ಬೇರೆಯವರ ಪಾತ್ರೆ ಮುಟ್ಟದು. ತ್ರೀಜಿಪಿ ಮೊಬೈಲಿನೊಳಗೆ ಹಿಡಿಸುತ್ತದೆ, ನಿಜ. ಮಂತ್ರ ಕೇಳಿಸುತ್ತದೆಯೇ ಹೊರತು ಮದುಮಗ ಯಾರು, ಪುರೋಹಿತರು ಯಾರು ಎಂದು ತಿಳಿಯುವುದಿಲ್ಲ. ಎಂಪಿ ಫೋರು ಚಿಕ್ಕದು, ಚೊಕ್ಕದು, ಎಲ್ಲ ಕಡೆ ಹೊಂದಿಕೊಳ್ಳುತ್ತದೆ. ಆದರೂ ಮೇಷ್ಟ್ರು ಅದಕ್ಕೆ ಪೂರ್ತಿ ಅಂಕ ಕೊಡಲಿಲ್ಲ.

ಪ್ರತಿ ಪರೀಕ್ಷೆಯೂ ನಡೆಯುತ್ತಿದ್ದದ್ದು ಊಟದ ಪಂಕ್ತಿಯ ದೃಶ್ಯದ ಮೇಲೆ. ಧಾರೆ ಬೇಡ, ಆರತಕ್ಷತೆ ಬೇಡ, ಪಂಕ್ತಿಯೇ ಆಗಬೇಕು! ಚಿಕ್ಕಪ್ಪನಿಗೆ ಇನ್ನೂ ಆ ಹೋಳಿಗೆಯ ಮೇಲೇ ಕಣ್ಣು ಎಂದು ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು. ಅವರೂ ನಗುತ್ತಿದ್ದರು.

ಒಂದು ಭಾನುವಾರ ಕಂಪ್ಯೂಟರು ಮುಷ್ಕರ ಹೂಡಿತು. ಹೋಗಿ ನೋಡಿದರೆ ಅದರ ಹೊಟ್ಟೆ ತುಂಬ ನನ್ನ ಮದುವೆ.

"ಚಿಕ್ಕಪ್ಪ, ಎಂಪಿ ಫೋರ್ ಒಂದಿದ್ರೆ ಸಾಕು. ಈ ಎವಿಐ ಅಳಿಸ್ಬಿಡ್ತೀನಿ," ಎಂದು ಮೌಸಿಗೆ ಕೈ ಹಾಕಿದೆ.

ಅವರು ನನ್ನ ಕೈ ಹಿಡಿದುಕೊಂಡರು. ಪಾಣಿಗ್ರಹಣದಲ್ಲೂ ನನ್ನ ಕೈಯನ್ನು ಯಾರೂ ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ!

ಪಂಕ್ತಿಯ ದೃಶ್ಯ ಹಾಕಿದರು. ಹೋಳಿಗೆ ಬಡಿಸುತ್ತ ಬರುತ್ತಿದ್ದ ಚಿಕ್ಕಮ್ಮ ಕ್ಯಾಮೆರಾ ಕಂಡು ಬೆಚ್ಚಿ, ಸೆರಗು ಎಳೆದುಕೊಂಡು, ನಕ್ಕು ಮುಖ ತಿರುಗಿಸಿದರು. ಅಷ್ಟೇ. ಫೋಟೋ ಎಂದರೆ ಅಡುಗೆಮನೆಗೆ ಓಡುತ್ತಿದ್ದ ಹೆಂಗಸು; ಇಡೀ ಮೂರು ಗಂಟೆಯಲ್ಲಿ ಅವರು ಇರುವುದು ಅಷ್ಟು ಮಾತ್ರ. ನನ್ನದೇ ಮದುವೆಯ ವಿಡಿಯೋ, ನಾನು ಗಮನಿಸಿಯೇ ಇರಲಿಲ್ಲ.

"ಎಂಪಿ ಫೋರಲ್ಲೂ ಮುಖ ಬರತ್ತೆ ಕಣಮ್ಮ," ಎಂದರು ಚಿಕ್ಕಪ್ಪ. "ತಿರುಗ್ದಾಗ ಮೂಗುಬೊಟ್ಟು ಮಿಂಚತ್ತಲ್ಲ, ಅದು ಬರಲ್ಲ."

ಹೋಳಿಗೆ ಎಂದು ನಕ್ಕಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ತಾಳಿ ಕಟ್ಟೋದು ಬೇಕಾದ್ರೆ ಅಳಿಸಿ ಚಿಕ್ಕಪ್ಪ. ಪಂಕ್ತಿ ಹಾಗೇ ಇರ್ಲಿ," ಎಂದೆ.

ಅವರು ಏನನ್ನೂ ಅಳಿಸಲಿಲ್ಲ. ಅದೇ ದೃಶ್ಯವನ್ನು ಮತ್ತೆ ಹಾಕಿದರು. ಚಿಕ್ಕಮ್ಮ ಮುಖ ತಿರುಗಿಸುವುದನ್ನೇ ಕಾಯುತ್ತ ಇಬ್ಬರೂ ಕುಳಿತೆವು.