ಅರ್ಧ ಕೋಳಿಯ ನೆಗಡಿ

ಮನೆಯಲ್ಲಿ ಒಂದು ಕೋಳಿಗೆ ಕಾಯಿಲೆಯಾದರೆ ಅದರ ಹಿಂದೆ ನಗೆಪಾಟಲಿನ ಸಂಗತಿಗಳು ಮರಿಗಳ ಹಾಗೆ ಸಾಲಾಗಿ ಬರುತ್ತವೆ ಎಂದು ನನಗೆ ಮೊದಲು ತಿಳಿದಿರಲಿಲ್ಲ. ತಿಳಿದದ್ದು ನನ್ನ ಹೆಂಡತಿ ತೀರಿಕೊಂಡ ವರ್ಷ, ನಗುವ ಮನಸ್ಸೇ ಇಲ್ಲದಿದ್ದಾಗ. ಆಗ ತೊಂಬತ್ತರ ದಶಕದ ಕೊನೆ. ಮಾಗಳದ ಕಡೆ, ಹೊಳೆದಂಡೆಯ ಒಂದು ಊರಿನ ಶಾಲೆಯಲ್ಲಿ ನಾನು ಮಾಸ್ತರನಾಗಿದ್ದೆ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಕೋಳಿಯ ವಿಷಯದಲ್ಲಿ ಬಣ್ಣ ಕಟ್ಟುವ ಅಗತ್ಯ ಬೀಳುವುದಿಲ್ಲ.

೧. ಯಾವ ಅರ್ಧ ಯಾರದು

ಆ ಕಂದು ಬಣ್ಣದ ಕೋಳಿ ಪೂರ್ತಿ ನಮ್ಮದಾಗಿರಲಿಲ್ಲ. ಎದುರುಮನೆಯ ದೊಡ್ಡವ್ವ ಅದನ್ನು ನನ್ನ ಹೆಂಡತಿಗೆ ಪಾಲಿಗೆ ಕೊಟ್ಟಿದ್ದರು. ನಮ್ಮ ಕಡೆ ಇದು ರೂಢಿ. ಒಬ್ಬರ ಕೋಳಿಯನ್ನು ಇನ್ನೊಬ್ಬರು ಸಾಕುವುದು, ತತ್ತಿ ಮರಿಗಳಲ್ಲಿ ಅರ್ಧರ್ಧ ಹಂಚಿಕೊಳ್ಳುವುದು. ಪಾಲು ಮುರಿದ ದಿನ ತಾಯಿಕೋಳಿ ಮೊದಲಿನ ಮನೆಗೆ ಹಿಂತಿರುಗಬೇಕು.

ನನ್ನ ಹೆಂಡತಿ ಅದನ್ನು ಕೋಳಿ ಎಂದು ಕರೆದದ್ದೇ ಇಲ್ಲ. ‘ಆಕಿ’ ಎನ್ನುತ್ತಿದ್ದಳು. “ಆಕಿ ಇವತ್ತು ಸಿಟ್ಟಾಗ್ಯಾಳ,” “ಆಕಿ ಬಣವ್ಯಾಗ ತತ್ತಿ ಇಟ್ಟಾಳ” ಎಂದೆಲ್ಲ ವರದಿ ಬರುತ್ತಿತ್ತು. ಕೇಳಿ ಕೇಳಿ ನನ್ನ ಬಾಯಿಗೂ ಅದೇ ಬಂದಿತ್ತು.

ಅವಳು ಹೋದ ನಂತರದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನೋಡಿದರೆ, ಕೋಳಿಯ ಒಂದು ಕೆನ್ನೆ ನೆಲ್ಲಿಕಾಯಿ ಇಟ್ಟ ಹಾಗೆ ಬಾತಿತ್ತು. ಆ ಕಡೆಯ ಕಣ್ಣು ಮುಚ್ಚಿಹೋಗಿತ್ತು. ಮೂಗಿನಿಂದ ನೀರು, ಉಸಿರಿನಲ್ಲಿ ಗೊರಗೊರ. ಅದರ ಮರಿಗಳು ಬೆಳೆದು ಅಂಗಳದಲ್ಲಿ ಕೆದರುತ್ತಿದ್ದವು. ಇದು ಮಾತ್ರ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು ಕೂತಿತ್ತು. ಎತ್ತಿಕೊಂಡೆ. ಅಷ್ಟು ಹಗುರವಾದ ದೇಹದಲ್ಲಿ ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳುತ್ತದೆ ಎಂಬುದು ನನಗೆ ಅಂದೇ ಗೊತ್ತಾದದ್ದು. ಅವಳು ದಿನವೂ ಕೈಯಲ್ಲಿ ಹಿಡಿಯುತ್ತಿದ್ದದ್ದು ಇದನ್ನೇ ಎಂದು ಬಹಳ ಹೊತ್ತು ಕೆಳಗಿಡಲಿಲ್ಲ.

ದೊಡ್ಡವ್ವ ಬಂದು ನೋಡಿದರು.

“ವಾಸಿ ಆದ್ರ ಪಾಲು ಮುರದು ನಾನ ಒಯ್ಯತೀನಿ ಮಾಸ್ತರ್ರೆ. ಹೆಣಮಕ್ಕಳಿಲ್ಲದ ಮನ್ಯಾಗ ಕೋಳಿ ಯಾರು ನೋಡ್ತಾರ?”

ವಾಸಿಯಾಗದಿದ್ದರೆ ಕೋಳಿ ಸಾಯುತ್ತದೆ, ವಾಸಿಯಾದರೆ ಎದುರುಮನೆಗೆ ಹೋಗುತ್ತದೆ. ಎರಡರಲ್ಲೂ ನನ್ನ ಅಂಗಳ ಖಾಲಿ. ಆದರೂ, “ದವಾಖಾನಿಗೆ ಯಾರು ಒಯ್ಯಬೇಕ್ರಿ?” ಎಂದು ಕೇಳಿದೆ.

“ಪಾಲಿನ ಕೋಳಿ ಅಂದ್ರ ಅರ್ಧ ನಂದು, ಅರ್ಧ ನಿಮ್ಮದು, ಹೌದಲ್ಲ?”

“ಹೌದ್ರಿ.”

“ತತ್ತಿ ಹಾಕೋ ಹಿಂದಿನ ಅರ್ಧ ನಂದು. ಅದಕ್ಕೇನೂ ಆಗಿಲ್ಲ ನೋಡ್ರಿ, ಗುಂಡಕಲ್ಲಿನಂಗೈತಿ. ಬಾತಿರೋದು ನಿಮ್ಮ ಪಾಲಿಂದು. ನೀವ ಒಯ್ರಿ.”

೨. ಬಸ್ಸಿನಲ್ಲಿ

ಕೋಳಿಯನ್ನು ಬಟ್ಟೆಯ ಚೀಲದಲ್ಲಿಟ್ಟು, ಉಸಿರಾಡಲು ಬಾಯಿ ಸಡಿಲ ಬಿಟ್ಟು, ತೊಡೆಯ ಮೇಲಿರಿಸಿಕೊಂಡು ಹಡಗಲಿ ಬಸ್ಸಿನಲ್ಲಿ ಕೂತೆ. ಬಸ್ಸಿನ ತುಂಬ ಪರಿಚಯದವರು. ಹೆಂಡತಿ ಹೋದ ಮೇಲೆ ನಾನು ಯಾರೊಂದಿಗೂ ಹೆಚ್ಚು ಮಾತಾಡುತ್ತಿರಲಿಲ್ಲವಾದ್ದರಿಂದ ಅವರೂ ಸುಮ್ಮನಿದ್ದರು.

ಊರು ದಾಟುತ್ತಿದ್ದ ಹಾಗೆ ಚೀಲದೊಳಗಿನಿಂದ ಸೀನು ಬಂತು. ಕೋಳಿಯ ಸೀನು ಮನುಷ್ಯರ ಸೀನಿಗಿಂತ ಚಿಕ್ಕದು, ಆದರೆ ಬಹಳ ಸ್ಪಷ್ಟ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಏನು ಮಾಡಬೇಕೆಂದು ತೋಚದೆ ಕರವಸ್ತ್ರ ತೆಗೆದು ನನ್ನ ಮೂಗು ಒರೆಸಿಕೊಂಡೆ.

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ಒಮ್ಮೆ ಒಪ್ಪಿಕೊಂಡ ಮೇಲೆ ಮುಂದಿನ ಸೀನುಗಳೂ ನನ್ನವೇ ಆಗಬೇಕಲ್ಲ! ಅದು ಸೀನಿದಾಗಲೆಲ್ಲ ನಾನು ಒರೆಸಿಕೊಳ್ಳುತ್ತ ಹೋದೆ. ಪಕ್ಕದ ಸೀಟಿನ ಅಜ್ಜಿಗೆ ಕನಿಕರ ಬಂತು.

“ಭಾಳ ನೆಗಡ್ಯಾಗೈತಿ ಮಾಸ್ತರ್ರಿಗೆ. ಮನ್ಯಾಗ ನೋಡೋರಿಲ್ಲ, ಪಾಪ. ಅಜವಾನ ಹುರದು ಮೂಸ್ರಿ.”

“ಆಗಲ್ರಿ,” ಎಂದೆ.

ಅಷ್ಟರಲ್ಲಿ ಬಸ್ಸು ಗುಂಡಿಗೆ ಇಳಿಯಿತು. ಬೆಚ್ಚಿಬಿದ್ದ ಕೋಳಿ ಚೀಲದೊಳಗಿನಿಂದಲೇ ಒಡೆದ ದನಿಯಲ್ಲಿ “ಕೊಕ್... ಕೊಕ್... ಕೊರ್ರ್” ಎಂದಿತು. ಅಜ್ಜಿ ನನ್ನ ಬೆನ್ನಿನ ಮೇಲೆ ಮೆಲ್ಲಗೆ ಕೈಯಿಟ್ಟರು.

“ನೆಗಡಿ ಎದಿಗಿಳದೈತ್ರಿ ನಿಮಗ.”

೩. ದನದ ದವಾಖಾನೆ

ದವಾಖಾನೆಯಲ್ಲಿ ಎಮ್ಮೆ, ಎತ್ತು, ಆಕಳುಗಳ ನಡುವೆ ನಾನು ಚೀಲ ಹಿಡಿದು ನಿಂತೆ. ನನ್ನ ಸರದಿ ಬಂದಾಗ ಡಾಕ್ಟರು ನನಗಿಂತ ಮೊದಲಿನವರ ಚೀಟಿ ಬರೆಯುತ್ತ, ತಲೆ ಎತ್ತದೆಯೇ ಕೇಳಿದರು:

“ಎಷ್ಟು ತಿಂಗಳ ಗಬ್ಬ?”

“ಕೋಳಿ ರೀ,” ಎಂದೆ.

ತಲೆ ಎತ್ತಿದರು. ಆಮೇಲೆ ಅವರು ಮಾಡಿದ್ದನ್ನು ನಾನು ಬೆರಗಿನಿಂದ ನೋಡುತ್ತ ನಿಂತೆ. ಅಷ್ಟು ಹೊತ್ತು ಎತ್ತಿನ ಮೂಗುದಾರ ಎಳೆಯುತ್ತಿದ್ದ ಕೈಗಳು ಕೋಳಿಯನ್ನು ಹೂವಿನ ಹಾಗೆ ಹಿಡಿದವು. ಹೆಬ್ಬೆರಳಿನಿಂದ ಕಣ್ಣಿನ ಕೆಳಗೆ ಮೆತ್ತಗೆ ಒತ್ತಿದರು. ಕೊಕ್ಕು ಬಿಡಿಸಿ ಗಂಟಲು ನೋಡಿದರು. ಕೊನೆಗೆ ಅದರ ಮೂಗನ್ನು ತಮ್ಮ ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಹಡಗಲಿ ಮಲ್ಲಿಗೆಯನ್ನು ಮೂಸುವ ಹಾಗೆ ಮೂಸಿದರು. ಅದು ಮಲ್ಲಿಗೆಯ ವಾಸನೆಯಾಗಿರಲಿಲ್ಲ. ಚೀಲ ಹಿಡಿದು ಬಂದ ನನಗೆ ಅದು ಚೆನ್ನಾಗಿ ಗೊತ್ತಿತ್ತು.

“ನೆಗಡಿ ಮುಖಕ್ಕೇರೈತಿ. ಕೀವು ತುಂಬೈತಿ. ಒಂದರಿಂದ ಒಂದಕ್ಕ ಹತ್ತತೈತಿ, ಉಳದ ಕೋಳಿ ಜೋಡಿ ಬಿಡಬ್ಯಾಡ್ರಿ. ಉಗುರು ಬೆಚ್ಚಗಿನ ಉಪ್ಪುನೀರಾಗ ಅರಿವಿ ಅದ್ದಿ ಕಣ್ಣು ಮೂಗು ಒರಸ್ರಿ. ಈ ಪುಡಿ ಕಲಸಿದ ನೀರನ್ನ ಕುಡೀಬೇಕು, ಬ್ಯಾರೆ ನೀರು ಇಡಂಗಿಲ್ಲ. ಔಷಧ ನಡದಾಗ ತತ್ತಿ ಹಾಕಿದ್ರ ತಿನ್ನಬ್ಯಾಡ್ರಿ. ತಂಪು ತಾಗದ, ಹೊಗಿ ಇಲ್ಲದ, ಗಾಳಿ ಆಡೋ ಖೋಲ್ಯಾಗ ಇಡ್ರಿ. ಅಂಥ ಖೋಲಿ ಐತೇನು ಮನ್ಯಾಗ?”

“ಒಂದ ಐತ್ರಿ. ಅದರಾಗ ನಾನು ಮಲಗತೀನಿ.”

“ಹಂಗಾರ ನೀವು ಅಡಿಗಿಮನ್ಯಾಗ ಮಲಗ್ರಿ.”

ಹಿಂದೆ ನಿಂತಿದ್ದ ಎಮ್ಮೆಯವನು ನನ್ನ ಪರವಾಗಿ ವಾದಿಸಿದ. “ಅಲ್ಲಿ ಹೊಗಿ ಇರತೈತಲ್ರಿ ಸಾರ್?”

ಡಾಕ್ಟರು ಚೀಟಿ ಹರಿದು ಕೊಟ್ಟರು. “ಇವರ ಮುಖ ಬಾತಿಲ್ಲಲ್ಲ!”

೪. ಒಳಗಿನಾಕೆ

ಹಾಗಾಗಿ ಕೋಳಿ ನನ್ನ ಮಂಚದ ಮೇಲೆ, ಹುಲ್ಲು ಹಾಸಿದ ಬುಟ್ಟಿಯಲ್ಲಿ ತಂಗಿತು. ಆ ದಿನಗಳಲ್ಲೇ ಕೊಟ್ಟೂರಿನಿಂದ ನನ್ನ ಹೆಂಡತಿಯ ಚಿಕ್ಕಮ್ಮ ಮಾತಾಡಿಸಲು ಬಂದರು. ಸಾವಿನ ಸುದ್ದಿ ತಿಳಿದಾಗ ಅವರೇ ಹಾಸಿಗೆ ಹಿಡಿದಿದ್ದರಿಂದ ತಡವಾಗಿತ್ತು. ಬಂದವರು ಪಡಸಾಲೆಯಲ್ಲಿ ಕೂತು ಬಹಳ ಅತ್ತರು. ಅಳು ನಿಂತಾಗ ಪರದೆಯ ಆಚೆಯಿಂದ ಗೊರ್ರ್, ಗೊರ್ರ್ ಎಂಬ ಉಸಿರು ಕೇಳಿಸಿತು.

“ಒಳಗ ಯಾರದಾರ ಅಳಿಯಂದ್ರ?”

“ಹುಷಾರಿಲ್ರಿ ಅತ್ತಿ. ಮುಖ ಬಾತೈತಿ. ಬ್ಯಾರೆಯೋರ ಜೋಡಿ ಬಿಡಬ್ಯಾಡ್ರಿ ಅಂದಾರ ಡಾಕ್ಟ್ರು.”

ನನಗೆ ಕೇಳಿದಷ್ಟಕ್ಕೆ ಉತ್ತರ ಹೇಳುವ ಅಭ್ಯಾಸ. ಮೊದಲ ಪ್ರಶ್ನೆಗೇ ಉತ್ತರ ಹೇಳಿಲ್ಲ ಎಂಬುದು ಮಾತ್ರ ಗಮನಕ್ಕೆ ಬರಲಿಲ್ಲ. ಅತ್ತೆ ಸೆರಗು ಬಿಗಿ ಮಾಡಿಕೊಂಡರು.

“ಯಾವಾಗ ಬಂದಾಳ?”

“ಆಕಿ ಮೊದ್ಲಿಂದ ಇಲ್ಲೇ ಅದಾಳ್ರಿ.”

“ನಮ್ಮ ಹುಡುಗಿ ಇದ್ದಾಗ?”

“ಹೌದ್ರಿ.”

“ಹುಡುಗಿಗೆ ಗೊತ್ತಿತ್ತಾ?”

“ಸಾಕಿದಾಕೀನ ನಿಮ್ಮ ಹುಡುಗಿ.”

ಅತ್ತೆ ಎದ್ದು ಪರದೆ ಸರಿಸಿದರು. ಮಂಚದ ಮೇಲೆ, ನನ್ನ ದಿಂಬಿನ ಪಕ್ಕದಲ್ಲಿ, ಕೋಳಿ ಒಂದೇ ಕಣ್ಣಿನಿಂದ ಅವರನ್ನು ನೋಡಿತು. ಬಹಳ ಹೊತ್ತು ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅತ್ತೆ ಬಂದು ಮತ್ತೆ ಕೂತರು, ನೀರು ಕುಡಿದರು.

“ಅಳಿಯಂದ್ರ,” ಎಂದರು, “ಇದಕ್ಕಿಂತ ನೀವು ಮದಿವಿ ಆಗಿದ್ರ ಚಲೋ ಇತ್ತು.”

೫. ಸಂಜೆಯ ಕರೆ

ಕಣ್ಣು ಒರೆಸುವುದು ನಡೆಯಿತು, ಔಷಧ ಮಾತ್ರ ನಡೆಯಲಿಲ್ಲ. ಆ ನೀರು ಕಹಿ. ಕೋಳಿ ಕೊಕ್ಕು ಅದ್ದುವುದು, ತಲೆ ಕೊಡವುವುದು, ಮುಖ ತಿರುಗಿಸುವುದು. ಕಾಳನ್ನೂ ಬಿಟ್ಟಿತು. ಕುಡಿಯದಿದ್ದರೆ ಉಳಿಯುವುದಿಲ್ಲ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಆಗ ನೆನಪಾದದ್ದು ಅವಳು ಕರೆಯುತ್ತಿದ್ದ ರೀತಿ. ನಮ್ಮ ಊರಿನಲ್ಲಿ ಕೋಳಿ ಕರೆಯುವ ದನಿ ಮನೆಮನೆಗೂ ಬೇರೆ. ಹೊತ್ತು ಇಳಿಯುವಾಗ ಎಲ್ಲ ಹೆಂಗಸರೂ ಒಟ್ಟಿಗೇ ಕರೆದರೂ ಯಾವ ಕೋಳಿಯೂ ಮನೆ ತಪ್ಪುವುದಿಲ್ಲ. ಅವಳದು, “ಬಬ್ಬಬ್ಬಬ್ಬಾ... ಬಾರವ್ವಾ,” ಕೊನೆಗೆ ಸ್ವಲ್ಪ ಮೇಲಕ್ಕೆ ಎಳೆದು.

ಬಾಗಿಲು ಮುಚ್ಚಿಕೊಂಡು, ಸಣ್ಣ ದನಿ ತೆಗೆದು ಕರೆದೆ. ಕೋಳಿ ಥಟ್ಟನೆ ತಲೆ ಎತ್ತಿತು, ನನ್ನ ಬಿಳಿ ಪಂಚೆ ನೋಡಿ ತಲೆ ತಗ್ಗಿಸಿತು. ವಿಜ್ಞಾನ ಪಾಠ ಮಾಡುವವನಾದ್ದರಿಂದ ಯೋಚಿಸಿ, ಅದರ ಮುಚ್ಚಿದ ಕಣ್ಣಿನ ಕಡೆಗೆ ಹೋಗಿ ನಿಂತು ಕರೆದೆ. ಅದು ಕುತ್ತಿಗೆ ತಿರುಗಿಸಿ ತೆರೆದ ಕಣ್ಣಿನಿಂದ ನೋಡಿತು.

ಉಳಿದದ್ದು ಒಂದೇ ದಾರಿ. ಪೆಟ್ಟಿಗೆ ತೆಗೆದು, ಅವಳ ನೀಲಿ ನೂಲಿನ ಸೀರೆಯನ್ನು ತಲೆ ತುಂಬ ಹೊದ್ದು, ಬುಟ್ಟಿ ಎತ್ತಿಕೊಂಡು ಅಂಗಳಕ್ಕೆ ಹೋಗಿ, ಅವಳು ಕೂರುತ್ತಿದ್ದ ಕಟ್ಟೆಯ ಮೇಲೆ ಕೂತೆ. ಮರಿಗಳು ಬೇಲಿಯಾಚೆ ಇದ್ದವು. ಔಷಧದ ನೀರಿನ ಬಟ್ಟಲನ್ನು ಮುಂದಿಟ್ಟು ಕರೆದೆ.

“ಬಬ್ಬಬ್ಬಬ್ಬಾ... ಬಾರವ್ವಾ!”

ಕೋಳಿ ಬುಟ್ಟಿಯಿಂದ ಇಳಿಯಿತು. ತೂರಾಡುತ್ತ ಬಂದು ಬಟ್ಟಲಿಗೆ ಕೊಕ್ಕು ಇಳಿಸಿತು, ತಲೆ ಎತ್ತಿ ನುಂಗಿತು, ಮತ್ತೆ ಇಳಿಸಿತು. ಅವಳ ದನಿ ನನ್ನ ಕಿವಿಯಲ್ಲೇ ಮಾಸತೊಡಗಿತ್ತು, ಆ ಕೋಳಿಯ ಕಿವಿಯಲ್ಲಿ ಹಾಗೆಯೇ ಉಳಿದಿತ್ತು.

ಆಗ ಎದುರುಮನೆಯ ಒಳಗಿನಿಂದ, ಅವಳಿದ್ದಾಗ ಅವಳ ಕರೆಗೆ ಪ್ರತಿ ಸಂಜೆಯೂ ಬರುತ್ತಿದ್ದ ಉತ್ತರ ಬಂತು: “ಬಂದೆ, ತಡಿಯವ್ವಾ!”

ದೊಡ್ಡವ್ವ ಕಾಳಿನ ಮೊರ ಹಿಡಿದು ಹೊರಗೆ ಬಂದರು. ನನ್ನನ್ನು ನೋಡಿದರು. ನಾನು ಏಳಲೂ ಇಲ್ಲ, ಸೀರೆ ತೆಗೆಯಲೂ ಇಲ್ಲ, ಕೋಳಿ ಇನ್ನೂ ಕುಡಿಯುತ್ತಿತ್ತು. ಅವರು ಕಣ್ಣು ಒರೆಸಿಕೊಂಡು ಒಳಗೆ ಹೋದರು.

ದಿನವೂ ಹೀಗೆಯೇ ನಡೆಯಿತು. ಬಾವು ಇಳಿಯುತ್ತ ಬಂತು. ಒಂದು ಬೆಳಿಗ್ಗೆ ಮುಚ್ಚಿದ್ದ ಕಣ್ಣು ತೆರೆಯಿತು. ಅದರಲ್ಲಿ ನನ್ನ ಕಿಟಕಿ ಪುಟ್ಟದಾಗಿ, ಪೂರ್ತಿಯಾಗಿ ಕಾಣಿಸುತ್ತಿತ್ತು.

ಗೊರಗೊರ ನಿಂತು, ಕೋಳಿ ಮತ್ತೆ ಅಂಗಳದಲ್ಲಿ ಕೆದರತೊಡಗಿದ ಮೇಲೆ, ದೊಡ್ಡವ್ವ ಪಾಲು ಮುರಿಯಲು ಬಂದರು. ಕೋಳಿಯನ್ನು ಹಿಡಿದು ಕಂಕುಳಲ್ಲಿಟ್ಟುಕೊಂಡು ಹೊರಟರು. ನಾನು ತಡೆಯಲಿಲ್ಲ, ರೂಢಿ ರೂಢಿಯೇ. ಹೊಸ್ತಿಲ ಹತ್ತಿರ ಅವರೇ ನಿಂತರು.

“ಸಂಜಿಗೆ ಕರೀತೀರಲ್ಲ ಮಾಸ್ತರ್ರೆ, ಅದನ್ನ ಬಿಡಬ್ಯಾಡ್ರಿ. ಅದು ಕೇಳಿದ್ರ ನನಗ ಆಕಿ ಇದ್ದಂಗ ಆಕ್ಕೈತಿ.”

“ಕೋಳಿ ನೀವು ಒಯ್ದ್ರ ನಾನು ಯಾರನ್ನ ಕರೀಲ್ರಿ?”

ದೊಡ್ಡವ್ವ ಕೋಳಿಯನ್ನು ಮೆಲ್ಲಗೆ ಕೆಳಗಿಳಿಸಿದರು.

“ಇಲ್ಲೇ ಇರ್ಲಿ ತಗೀರಿ. ಪಾಲು ಮುರಿಯೂದು ಬ್ಯಾಡ. ಆದ್ರ ಒಂದು ಮಾತೈತಿ.”

“ಹೇಳ್ರಿ.”

“ಅವತ್ತಿಂದ ದಿನಾ ನೋಡಾಕತ್ತೀನಿ, ಮಾಸ್ತರ್ರಿಗೆ ಹೆಂಗ ಹೇಳೂದು ಅಂತ ಸುಮ್ಮನಿದ್ದೆ.” ಅವರು ದನಿ ತಗ್ಗಿಸಿದರು. “ದನಿ ಆಕೀದ ಐತಿ, ಒಂಚೂರೂ ತಪ್ಪಿಲ್ಲ. ಆದ್ರ ಸೀರಿ ದಿನಾ ಉಲ್ಟಾ ಹೊದ್ಕೊಂತೀರಿ. ನಮ್ಮ ಹುಡುಗಿ ಹಂಗ ಎಂದೂ ಅಂಗಳಕ್ಕ ಬಂದಾಕಿ ಅಲ್ಲ!”