ಲೈಸೆನ್ಸಿಲ್ಲದ ಮಂಚ

"ಭಾವ, ನನ್ನ ಹಳೇ ಮಂಚ ಮಾರೋದಿದೆ ಅಂತ ಬೆಳಿಗ್ಗೆ ನಿಮ್ಮ ರೇಡಿಯೋ ಸೆಟ್ಟಲ್ಲಿ ಹೇಳ್ಬಿಟ್ಟೆ!"

ಫೋನಿನಲ್ಲಿ ಭಾವಮೈದನ ದನಿ ಕೇಳಿದ್ದೇ ತಡ, ಗುಮಾಸ್ತನ ಕೈಯಲ್ಲಿದ್ದ ಮೊಹರು ಕಾಗದ ಬಿಟ್ಟು ಹೆಬ್ಬೆರಳಿನ ಮೇಲೆ ಬಿತ್ತು. ಮೂರು ಸಲ ಫೇಲಾಗಿ, ನಾಲ್ಕನೇ ಸಲಕ್ಕೆ ಗಿಟ್ಟಿಸಿದ ಹವ್ಯಾಸಿ ರೇಡಿಯೋ ಲೈಸೆನ್ಸು ಅವನದು. ಅದರಲ್ಲಿ ವ್ಯಾಪಾರದ ಮಾತಾಡಕೂಡದು. ಮೈಕು ಯಾರೇ ಹಿಡಿಯಲಿ, ತಪ್ಪೆಲ್ಲ ಲೈಸೆನ್ಸು ಪಡೆದವನ ತಲೆಗೇ.

"ಇನ್ನೇನು ಹೇಳಿದ್ಯೋ?"

"ಗೋಡೆ ಮೇಲೆ ಬರ್ದಿತ್ತಲ್ಲ, ನಿಮ್ಮ ಸೆಟ್ಟಿನ ಗುರುತಿನ ಹೆಸರು, ಕಾಲ್‌ಸೈನು, ಅದನ್ನೂ ಹೇಳ್ದೆ. ನಿಯಮ ಅಂದ್ರೆ ನಿಯಮ, ಭಾವ!"

"ಅಯ್ಯೋ, ನನ್ನನ್ನ ಹಿಡ್ಕೊಂಡು ಹೋಗ್ತಾರಲ್ಲೋ!" ಅಂದು ಫೋನಿಟ್ಟ. ಕುರ್ಚಿ ಕಾದ ಹೆಂಚಾಯಿತು. ಕೂತ, ಎದ್ದ, ಕಿಟಕಿಗೆ ಹೋದ, ಮತ್ತೆ ಕೂತ. ಟೈಪಿಸ್ಟು, "ಸೆಟ್ಟನ್ನ ಬಾವಿಗೆ ಹಾಕ್ಬಿಡಿ" ಅಂದಳು. ಹೆಡ್ ಗುಮಾಸ್ತರು ಕನ್ನಡಕ ಒರೆಸಿದರು. "ತಾನಾಗೇ ಒಪ್ಕೊಂಡವನಿಗೆ ಅರ್ಧ ಶಿಕ್ಷೆ ಕಣಯ್ಯಾ."

"ಯಾವ ಕಾನೂನಲ್ಲಿ, ಸಾರ್?"

"ನಮ್ಮಪ್ಪನ ಕಾನೂನಲ್ಲಿ."

ಅರ್ಧ ದಿನದ ರಜೆ ಗೀಚಿ ಮನೆಗೋಡಿದ. ಭಾವಮೈದ ಅಷ್ಟರಲ್ಲಿ ಬೀದಿಗೆಲ್ಲ ಡಂಗುರ ಸಾರಿದ್ದ. ಬಾಗಿಲಲ್ಲೇ ಹೆಂಡತಿ, "ರೀ, ನಿಮ್ಮನ್ನ ಹಿಡ್ಕೊಂಡು ಹೋಗ್ತಾರಂತೆ? ಎದುರುಮನೆಯವ್ರು ನೋಡೋಕೆ ಆಗ್ಲೇ ಬಂದು ಕೂತಿದ್ದಾರೆ" ಅಂದಳು.

ಸಂಜೆ ಆರಕ್ಕೆ ರೇಡಿಯೋ ಸಂಘದವರೆಲ್ಲ ತಂತಮ್ಮ ಸೆಟ್ಟಿನ ಮುಂದೆ ಸೇರುವ ಹೊತ್ತು. ಗುಮಾಸ್ತ ಕೂತವನೇ ಅಭ್ಯಾಸಬಲದಿಂದ ಮೇಜಿನ ಹಿಂದೆ ಕೈ ತೂರಿಸಿ, ಆಂಟೆನಾ ಕೇಬಲ್ಲು ತಿರುಪಿ ಬಿಗಿದು, ಮೈಕಿನ ಗುಂಡಿ ಒತ್ತಿದ.

"ಎಲ್ರೂ ಕ್ಷಮಿಸ್ಬೇಕು. ಬೆಳಿಗ್ಗೆ ನನ್ನ ಸೆಟ್ಟಿಂದ ಮಂಚ ಮಾರಾಟಕ್ಕಿದೆ ಅಂದವನು ನನ್ನ ಭಾವಮೈದ. ಅವನಿಗೆ ಲೈಸೆನ್ಸಿಲ್ಲ. ಕೋಣೆಗೆ ಬೀಗ ಹಾಕದೆ ಹೋದವನು ನಾನು. ಹೊಣೆ ಪೂರ್ತಿ ನನ್ನದೇ."

ಗುಂಡಿಯಿಂದ ಬೆರಳೆತ್ತಿದ. ಆಮೇಲೆ ಸಂಘದ ಅಧ್ಯಕ್ಷರ ದನಿ: "ಏನಪ್ಪಾ ನಿಂದು? ಬೆಳಗಿಂದ ಸೆಟ್ಟಿನ ಮುಂದೇ ಇದ್ದೀನಿ. ನಿನ್ನ ಕಡೆಯಿಂದ ಒಂದು ಕೆಮ್ಮೂ ಕೇಳಿಲ್ಲ."

ಗುಮಾಸ್ತನಿಗಿಂತ ಮೊದಲು ಅವನ ಬೆರಳುಗಳಿಗೆ ಅರ್ಥವಾಯಿತು. ಸಿಡಿಲಿಗೆ ಹೆದರಿ ದಿನಾ ಬೆಳಿಗ್ಗೆ ಬಿಚ್ಚಿಟ್ಟು ಹೋಗುವ ಕೇಬಲ್ಲನ್ನು ಅವು ಈಗಷ್ಟೇ ತಿರುಪಿದ್ದವು. ಬೆಳಿಗ್ಗೆ ಭಾವಮೈದ ಮಂಚ ಮಾರಿದ್ದು ಎದುರಿನ ಗೋಡೆಗೆ.

"ಅದಿರ್ಲಿ," ಅಧ್ಯಕ್ಷರು ದನಿ ತಗ್ಗಿಸಿದರು, "ಲೈಸೆನ್ಸು ಇಲಾಖೆ ಇನ್ಸ್‌ಪೆಕ್ಟರು ಇಲ್ಲೇ ನಮ್ಮನೇಲಿ ಕಾಫಿ ಕುಡೀತಿದ್ರು. ಕಪ್ಪು ಕೆಳಗಿಟ್ಟು, ನೀನು ಹೇಳಿದ್ದನ್ನೆಲ್ಲ ಬರ್ಕೊಂಡ್ರು."

ಗುಮಾಸ್ತನ ಭುಜದ ಮೇಲೆ ಭಾವಮೈದನ ಗಲ್ಲ ಬಂದು ಕೂತಿತು.

"ಹಾಗಾದ್ರೆ ಈಗ ಎಲ್ರಿಗೂ ಕೇಳಿಸ್ತಾ ಇದೆ ಅನ್ನಿ! ಭಾವ, ತೇಗದ ಮರದ್ದು ಅಂತಾನೂ ಒಂದ್ಮಾತು ಹೇಳ್ಬಿಡಿ."