ಖಣ್ ಅನ್ನದ ರೊಟ್ಟಿ ಹೊರಗೆ ಹೋಗುವುದಿಲ್ಲ

ನಮ್ಮ ದೊಡ್ಡವ್ವನ ಜೊತೆ ರೊಟ್ಟಿಗಳು ಮಾತಾಡುತ್ತವೆ ಎಂದರೆ ನೀವು ನಗುತ್ತೀರಿ. ನಗಿರಿ, ನನ್ನ ಅಭ್ಯಂತರವಿಲ್ಲ. ಮೊದಮೊದಲು ನಾನೂ ನಕ್ಕವಳೇ. ಆದರೆ ನಗುವುದಕ್ಕೂ ತ್ರಾಣ ಬೇಕಲ್ಲ, ಅದು ಈಗ ನನ್ನಲ್ಲಿ ಉಳಿದಿಲ್ಲ.

ವಾರಕ್ಕೆ ಆರು ದಿನ ನಾನು ರೋಣದ ಕಾಲೇಜೊಂದರಲ್ಲಿ ಬಿ.ಕಾಂ. ಹುಡುಗರಿಗೆ 'ಯೋಜನೆ ಮತ್ತು ನಿಯಂತ್ರಣ' ಎಂಬ ಪಾಠ ಹೇಳುತ್ತೇನೆ. ಏಳನೆಯ ದಿನ, ಅಂದರೆ ಮನುಷ್ಯರಾದವರು ಕಾಲು ಚಾಚಿ ಮಲಗುವ ದಿನ, ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋಗಿ ದೊಡ್ಡವ್ವನ ರೊಟ್ಟಿ ಕೇಂದ್ರದಲ್ಲಿ ಅದೇ ಯೋಜನೆಗೂ ಅದೇ ನಿಯಂತ್ರಣಕ್ಕೂ ಸಿಕ್ಕಿಬೀಳುತ್ತೇನೆ. ಏಳು ಮಂದಿ ಹೆಂಗಸರು ಏಳು ಒಲೆಗಳ ಮುಂದೆ ಕೂತು ರೊಟ್ಟಿ ಬಡಿಯುವ ಆ ಸಂಸ್ಥೆಗೆ ಆಕೆ ಯಜಮಾನಿ. ಆಕೆಗೆ ಓದುಬರಹ ಬಾರದು. ಹಾಗಾಗಿ ಬರೆಯುವ ಕೈ ನನ್ನದು. "ಇವತ್ತೊಂದಿನ ಬಿಡ ದೊಡ್ಡವ್ವಾ, ಭಾಳ ದಣಿವಾಗೇತಿ" ಎಂದರೆ, "ಕುಂತು ಬರಿಯಾಕ ದಣಿವು ಏನ್ ಬಂತ? ಬರಿ!" ಎನ್ನುತ್ತಾಳೆ.

ಪುಸ್ತಕದ ಪ್ರಕಾರ ಯೋಜನೆ ಶುರುವಾಗುವುದು ಗುರಿಯಿಂದ. ದೊಡ್ಡವ್ವನ ಯೋಜನೆ ಶುರುವಾಗುವುದು ಗೈರುಹಾಜರಿಯಿಂದ! ರವಿವಾರ ಮಧ್ಯಾಹ್ನ ಏಳೂ ಮಂದಿಯನ್ನು ಸಾಲಾಗಿ ಕೂಡಿಸಿ ಆಕೆ ಕೇಳುವ ಮೊದಲ ಪ್ರಶ್ನೆ ಇದು: "ಈ ವಾರ ಯಾರು ಬರಂಗಿಲ್ಲ?"

ಬಾರದವಳು ಆಗಲೇ ಬಾಯಿಬಿಡಬೇಕು. ಆಕೆಯ ಹೆಸರಿನ ಮುಂದೆ ಬದಲಿ ಕೂಡುವವಳ ಹೆಸರನ್ನು ನಾನು ಬರೆಯಬೇಕು. ಬದಲಿ ಇಲ್ಲದ ಗೈರುಹಾಜರಿ ಆ ರಾಜ್ಯದಲ್ಲಿಲ್ಲ. ನೆಂಟರ ಮಾತಿರಲಿ, ಜ್ವರ ಕೂಡ ರವಿವಾರ ತಿಳಿಸಿಯೇ ಬರಬೇಕು!

ಎರಡು ವರ್ಷದ ಹಿಂದೆ, ಸೂಡಿಯಿಂದ ಬರುವ ನೀಲವ್ವ ಇದಕ್ಕೆ ಬೇಸತ್ತು, "ದೊಡ್ಡವ್ವಾರ, ಬುಧವಾರ ನನಗ ತಲಿನೋವು ಬರೂದೈತ್ರಿ" ಎಂದಳು.

"ಹಿಂಗ ಹೇಳಬೇಕ ನೋಡ! ಬರಕೋ" ಎಂದಳು ದೊಡ್ಡವ್ವ. ಬರೆದುಕೊಂಡೆ.

ಬುಧವಾರ ನೀಲವ್ವ ನಗುನಗುತ್ತ ಕೆಲಸಕ್ಕೆ ಬಂದಳಂತೆ. ದೊಡ್ಡವ್ವ ಬಾಗಿಲಲ್ಲೇ ತಡೆದಳಂತೆ.

"ತಲಿನೋವು ಎಲ್ಲೈತಿ?"

"ಬರಲಿಲ್ರಿ."

"ಅದು ಬರದಿದ್ರ ನಾ ಏನ್ ಮಾಡ್ಲಿ? ನಿನ್ನ ಒಲಿ ಮುಂದ ಬ್ಯಾರೇದಾಕಿ ಕುಂತಾಳ. ಮನಿಗೆ ಹೋಗಿ ಮಕ್ಕೋ!"

ಬಸ್ಸಿನಲ್ಲಿ ತೂಗಾಡುತ್ತ ಸೂಡಿ ಮುಟ್ಟುವ ಹೊತ್ತಿಗೆ ನೀಲವ್ವನಿಗೆ ಖರೇನೇ ತಲೆನೋವು ಬಂದಿತ್ತು. ಯೋಜನೆ ನೂರಕ್ಕೆ ನೂರು ಯಶಸ್ವಿ!

ಇನ್ನು ನಿಯಂತ್ರಣ. ಖಡಕ್ ರೊಟ್ಟಿ ಎಂದರೆ ತಿಂಗಳಿಟ್ಟರೂ ಕೆಡಬಾರದು. ಒಳಗೆ ಚೂರು ಹಸಿ ಉಳಿದರೂ ಬೂಸ್ಲು ಬಂತೆಂದೇ ಲೆಕ್ಕ. ಅದಕ್ಕೆ ದೊಡ್ಡವ್ವ ಪ್ರತಿಯೊಬ್ಬಳು ಒಂದರ ಮೇಲೊಂದು ಪೇರಿಸಿಟ್ಟ ಗಡ್ಡಿಯಿಂದ ಒಂದು ರೊಟ್ಟಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ಬಡಿಯುತ್ತಾಳೆ. 'ಖಣ್' ಅಂದರೆ ಕಟ್ಟಬಹುದು. 'ಥಪ್' ಅಂದರೆ ಇಡೀ ಗಡ್ಡಿ ಮರಳಿ ಒಲೆಗೆ. ಈ ಪರೀಕ್ಷೆಯಿಂದ ಯಾರಿಗೂ ವಿನಾಯಿತಿ ಇಲ್ಲ. ನನಗೆ ಕಾಲೇಜಿನ ಕೆಲಸ ಸಿಕ್ಕಾಗ ಪೇಢೆ ಹಿಡಿದು ಕಾಲಿಗೆ ಬಿದ್ದಿದ್ದೆ. ನನ್ನ ಹಣೆಗೆ ಉಗುರಿನಿಂದ ಬಡಿದು, "ಥಪ್ ಅಂತೈತಿ. ಇನ್ನೂ ಹಸಿ ಐತಿ" ಎಂದಳು. ಪೇಢೆಯನ್ನು ಮಾತ್ರ ಬಡಿದು ನೋಡದೆ ತಿಂದಳು.

ಹೋದ ವರ್ಷ ನನಗೂ ಹುರುಪು ಬಂತು. ದಪ್ಪ ಹಾಳೆಯ ಮೇಲೆ 'ನಿಯಂತ್ರಣ' ಎಂಬ ತಲೆಬರಹ ಕೊಟ್ಟು ಒಂದು ತಖ್ತೆ ಬರೆದುಕೊಂಡು ಹೋದೆ: ಮಟ್ಟ ನಿಗದಿ ಮಾಡು, ಅಳೆ, ಹೋಲಿಸು, ತಿದ್ದು. ದೊಡ್ಡವ್ವ ಅದನ್ನು ತಿರುವಿ ಮುರುವಿ ನೋಡಿದಳು. "ಹಾಳಿ ಚಲೋ ಗಟ್ಟಿ ಐತಿ" ಎಂದಳು. ಮರುವಾರ ಹೋದಾಗ ಅದು ದುಂಡಗೆ ಕತ್ತರಿಸಿಕೊಂಡು ಮೊಳೆಗೆ ನೇತಾಡುತ್ತಿತ್ತು. ರೊಟ್ಟಿ ಎಷ್ಟು ಅಗಲ ಇರಬೇಕು ಎಂಬುದಕ್ಕೆ ಅಳತೆಯಂತೆ! 'ನಿಯಂತ್ರಣ'ದಲ್ಲಿ 'ನಿಯಂ' ಮಾತ್ರ ಉಳಿದಿತ್ತು.

ಆದರೂ ಈ ವರ್ಷ ಯುಗಾದಿಯಿಂದೀಚೆಗೆ ಒಂದೂ ಗಡ್ಡಿ ಒಲೆಗೆ ಮರಳಲಿಲ್ಲ. ಎಲ್ಲವೂ ಖಣ್! ನನ್ನ ತಖ್ತೆಯದೇ ಪ್ರಭಾವ ಇರಬೇಕೆಂದು ತರಗತಿಯಲ್ಲಿ ಎರಡು ಸಲ ಕೊಚ್ಚಿಕೊಂಡೆ. ನನ್ನಂಥ ದಡ್ಡಿಯರನ್ನು ಕಾಲೇಜಿಗೆ ಯಾರು ತೆಗೆದುಕೊಳ್ಳುತ್ತಾರೋ!

ಶ್ರಾವಣದಲ್ಲಿ ನರಗುಂದದ ಮದುವೆಯ ಮನೆಯವರು ಎರಡು ಸಾವಿರ ರೊಟ್ಟಿ ಹೇಳಿದರು. ಕೇಂದ್ರ ಅಷ್ಟು ದೊಡ್ಡ ಕೆಲಸ ಹಿಡಿದದ್ದು ಅದೇ ಮೊದಲು. ನಾಲ್ಕು ದಿನದಿಂದ ಜಿಟಿಜಿಟಿ ಮಳೆ. ಒಂದು ಗಡ್ಡಿ ಬೂಸ್ಲು ಹಿಡಿದರೂ ನರಗುಂದದ ತನಕ ಹೆಸರು ಕೆಡುತ್ತಿತ್ತು. ರವಿವಾರ ಬೆಳಿಗ್ಗೆ ದೊಡ್ಡವ್ವ ಎಂದಿನಂತೆ ಬಡಿಯುತ್ತ ಬಂದಳು, ನಾನು ಪಕ್ಕದಲ್ಲಿ ಬರೆಯುತ್ತ ನಿಂತಿದ್ದೆ. ಖಣ್. ಖಣ್. ಮೂರನೆಯದು ಥಪ್ ಅಂದಿತು. ನನಗೇ ಸ್ಪಷ್ಟ ಕೇಳಿಸಿತು!

"ಖಣ್ ಅಂತೈತಿ. ಕಟ್ರಿ" ಎಂದು ದೊಡ್ಡವ್ವ ಮುಂದೆ ನಡೆದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ನೀಲವ್ವ ಆಕೆಯ ಬೆನ್ನ ಹಿಂದಿನಿಂದ ಆ ಗಡ್ಡಿಯನ್ನೆತ್ತಿ ಒಲೆಯ ಕಡೆ ಸರಿಸಿದಳು. ಅವಸರದಲ್ಲಿ ಮೊಣಕೈ ತಾಗಿ ಸ್ಟೀಲಿನ ತಾಟುಗಳ ರಾಶಿ ಧಡಧಡ ಬಿತ್ತು. ನಾವೆಲ್ಲ ಬೆಚ್ಚಿ ಜಿಗಿದೆವು. ದೊಡ್ಡವ್ವ ತಿರುಗಲೇ ಇಲ್ಲ. ಮುಂದಿನ ರೊಟ್ಟಿಯನ್ನು ಕಿವಿಗೆ ಹಿಡಿದು ಬಡಿಯುತ್ತಿದ್ದಳು.

ನೀಲವ್ವ ನನ್ನನ್ನು ಮೂಲೆಗೆ ಎಳೆದು ಪಿಸುಗುಟ್ಟಿದಳು. ಪಿಸುಗುಟ್ಟುವ ಅಗತ್ಯವೇನೂ ಇರಲಿಲ್ಲ.

"ಉಗಾದಿಯಿಂದ ಹಿಂಗ ಐತ್ರಿ ಅಕ್ಕಾರ. ಮಾತೆಲ್ಲಾ ತುಟಿ ನೋಡಿ ತಿಳಕೋತಾರ. ನಾವ ಒಂದೊಂದ ಬಡದ ನೋಡಿ ಗಡ್ಡಿ ಹಚ್ಚತೀವಿ. ಇವತ್ತ ಮಳಿಗೆ ಒಂದು ತಪ್ಪಿತು. ಅವರಿಗೆ ಹೇಳಬ್ಯಾಡ್ರಿ."

"ಯಾಕ?"

"ಕಿವಿ ಹೋಗೇತಿ ಅಂತ ನಮಗ ಗೊತ್ತೈತಿ ಅಂದ್ರ, ಅವರು ಇಲ್ಲಿ ಕಾಲ ಇಡಂಗಿಲ್ರಿ. ಆಮ್ಯಾಲ ನಮ್ಮನ್ನ ಬೈಯವ್ರ ಯಾರು?"

ನನ್ನ ತಖ್ತೆಯ ಪ್ರಭಾವ ಯಾವುದೆಂದು ಆಗ ತಿಳಿಯಿತು. ಹದಿನಾಲ್ಕು ವರ್ಷ ನಿಯಂತ್ರಣದ ಪಾಠ ಹೇಳಿದ್ದೇನೆ. ಹೀಗೊಂದು ನಿಯಂತ್ರಣ ಯಾವ ಪುಸ್ತಕದಲ್ಲೂ ಇರಲಿಲ್ಲ.

ಟೆಂಪೋ ನರಗುಂದದ ದಾರಿ ಹಿಡಿದ ಮೇಲೆ ಸಭೆ ಕೂತಿತು. ನಾನು ದಣಿದು ಗೋಡೆಗೆ ಒರಗಿದ್ದೆ.

"ಈ ವಾರ ಯಾರು ಬರಂಗಿಲ್ಲ?"

ದೊಡ್ಡವ್ವ ಒಬ್ಬೊಬ್ಬರ ಮುಖ ನೋಡಿ, ಸೆರಗು ಸರಿಮಾಡಿಕೊಂಡು, ನನ್ನ ಕಡೆ ತಿರುಗಿದಳು.

"ನಂದ ಬರಿ. ನನ್ನ ಕಿವಿ ಬರಂಗಿಲ್ಲ. ಈ ವಾರ ಅಷ್ಟ ಅಲ್ಲ, ಇನ್ನ ಮ್ಯಾಲ ಬರಂಗೇ ಇಲ್ಲ."

ಏಳೂ ಮಂದಿ ತಲೆ ತಗ್ಗಿಸಿದರು.

"ಮುಂಜಾನಿ ನನ್ನ ಕಣ್ಣ ಮುಂದ ಇದ್ದವ್ರೆಲ್ಲಾ ಜಿಗದ್ರಿ. ನಾ ಒಬ್ಬಾಕಿನ ಜಿಗೀಲಿಲ್ಲ. ಆಮ್ಯಾಲ ಹಿಂದ ತಿರುಗಿ ನೋಡಿದಾಗ ತಾಟು ನೆಲದ ಮ್ಯಾಲ ಇದ್ವು. ನನಗ ಕಣ್ಣರ ಅದಾವ." ಧ್ವನಿ ಎಂದಿನಂತೆ ಜೋರಾಗಿಯೇ ಇತ್ತು. "ಬದಲಿ ಯಾರು? ಬದಲಿ ಇಲ್ಲಂದ್ರ ನಾ ನಾಳಿಂದ ಮನ್ಯಾಗ ಕುಂದರತೀನಿ. ಕಾಯ್ದೆ ಅಂದ್ರ ಎಲ್ಲಾರಿಗೂ ಕಾಯ್ದೆ."

ನೀಲವ್ವ ಕೈ ಎತ್ತಿದಳು. ಪಕ್ಕದವಳು ಎತ್ತಿದಳು. ಏಳು ಕೈಗಳು ಎದ್ದವು, ಎಲ್ಲದಕ್ಕೂ ಹಿಟ್ಟು ಮೆತ್ತಿತ್ತು. ನಾನು ಒಂದರ ಕೆಳಗೊಂದು ಹೆಸರು ಬರೆದು ಹಾಳೆಯನ್ನು ಆಕೆಯ ಮುಂದಿಟ್ಟೆ. ಓದಲು ಬಾರದ ದೊಡ್ಡವ್ವ ಸಾಲುಗಳ ಮೇಲೆ ಬೆರಳಿಟ್ಟು ಎಣಿಸಿದಳು.

"ಕೈ ಏಳ ಇದ್ವು. ಇಲ್ಲಿ ಎಂಟ ಅದಾವ. ಇದ ಯಾರದು?"

ನಾನು ನನ್ನ ಎದೆ ಮುಟ್ಟಿ ತೋರಿಸಿದೆ. ರವಿವಾರದ ನಿದ್ದೆ ಇನ್ನು ಈ ಜನ್ಮಕ್ಕೆ ಮುಗಿಯಿತು ಎಂದು ಗೊತ್ತಿದ್ದೇ ತೋರಿಸಿದೆ.

ದೊಡ್ಡವ್ವ ನನ್ನನ್ನು ಹತ್ತಿರಕ್ಕೆಳೆದು, ಹಣೆಗೆ ಉಗುರಿನಿಂದ ಮೆಲ್ಲಗೆ ಬಡಿದು, ಕಿವಿ ಹಚ್ಚಿ ಬಹಳ ಹೊತ್ತು ಆಲಿಸಿದಳು.

"ಖಣ್ ಅಂತು" ಎಂದಳು.

ಆಕೆಗೆ ಕೇಳಿಸಿರಲಿಲ್ಲ. ನನಗೂ ಕೇಳಿಸಲಿಲ್ಲ, ನಾನು ಅಳುತ್ತಿದ್ದೆ.